ಬೆನ್ನೆಲುಬು ನೆಟ್ಟಗಾದರೆ ಜ್ವರ ಬಾರದೇ?

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ನಮ್ಮ ಮದ್ರಸದಲ್ಲಿ ಓದುವ ಸದ್ದಿಗಿಂತ ಕೆಮ್ಮಿನ ಸದ್ದೇ ಜೋರು. ಒಂದು ಮಗು ಸೀನಿದರೆ ವಾರದೊಳಗೆ ಅರ್ಧ ತರಗತಿ ಖಾಲಿ. ಮಕ್ಕಳಿಂದ ಜ್ವರ ಮನೆಯ ಅಜ್ಜಿಗೆ, ಬಸುರಿ ಸೊಸೆಗೆ ತಗಲುತ್ತದೆ. ಹೀಗಾಗಿ ತಾಯಂದಿರು ನನ್ನಲ್ಲಿ ಪಾಠದ ಜೊತೆ ಮದ್ದಿನ ವಿಷಯವನ್ನೂ ಕೇಳುವುದುಂಟು.

ಈಚೆಗೆ ಒಬ್ಬ ತಾಯಿ ಕೇಳಿದರು: "ಟೀಚರ್, ದುಬೈಯಲ್ಲಿರುವ ತಮ್ಮ ಒಂದು ವೀಡಿಯೊ ಕಳುಹಿಸಿದ್ದಾನೆ. ಕೈರೋಪ್ರಾಕ್ಟಿಕ್ ಅಂತೆ. ಬೆನ್ನೆಲುಬನ್ನು ಲಟಲಟ ಅನ್ನಿಸಿ ಸರಿಪಡಿಸಿದರೆ ರೋಗನಿರೋಧಕ ಶಕ್ತಿ ಹೆಚ್ಚಿ ಫ್ಲೂ ಬರುವುದಿಲ್ಲವಂತೆ. ನಮ್ಮ ಅತ್ತೆಗೆ ಉಬ್ಬಸ, ಸಕ್ಕರೆ ಕಾಯಿಲೆ ಎರಡೂ ಇದೆ. ಮಾಡಿಸೋಣವೇ?"

ಪ್ರಶ್ನೆ ಪ್ರಾಮಾಣಿಕವಾದುದು. ಉತ್ತರವೂ ಹಾಗೆಯೇ ಇರಬೇಕಲ್ಲವೇ? ಈ ಚಿಕಿತ್ಸೆ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಪಟ್ಟಣದಲ್ಲಿ, 1895ರಲ್ಲಿ. ಡಿ.ಡಿ. ಪಾಮರ್ ಎಂಬವರು ಕಿವಿ ಕೇಳದ ಕೆಲಸಗಾರನೊಬ್ಬನ ಬೆನ್ನೆಲುಬನ್ನು ಒತ್ತಿ ಕಿವಿ ಕೇಳುವಂತೆ ಮಾಡಿದೆನೆಂದರು. ಬಹುಪಾಲು ರೋಗಗಳಿಗೆ ಬೆನ್ನೆಲುಬಿನ ಮಣಿಗಳು ಜರಗುವುದೇ ಕಾರಣವೆಂದು ಬೋಧಿಸಿದರು. ಜ್ವರವನ್ನೂ ಬೆನ್ನನ್ನೂ ಜೋಡಿಸುವ ಮಾತಿನ ಬೇರು ಇಲ್ಲಿದೆ.

ಸೊಂಟ ನೋವಿಗೆ ಈ ಚಿಕಿತ್ಸೆಯಿಂದ ಕೆಲವರಿಗೆ ಸ್ವಲ್ಪ ಉಪಶಮನ ಸಿಗುತ್ತದೆ, ನಿಜ. ಆದರೆ ಫ್ಲೂ ಬರುವುದು ವೈರಸ್‌ನಿಂದ. ಅದು ಉಸಿರಿನ ಹನಿಗಳಲ್ಲಿ, ಕೈಗಳ ಮೂಲಕ ಹರಡುತ್ತದೆ. ಬೆನ್ನು ಒತ್ತುವುದರಿಂದ ಅದನ್ನು ತಡೆಯಬಹುದೆಂಬುದಕ್ಕೆ ಪುರಾವೆ ಇಲ್ಲ. 2020ರಲ್ಲಿ ಕೊರೋನಾ ಬಂದಾಗ ಇಂಥ ಮಾತು ಹಬ್ಬಿತು. ಆಗ ಕೈರೋಪ್ರಾಕ್ಟರ್‌ಗಳದ್ದೇ ಜಾಗತಿಕ ಒಕ್ಕೂಟ, ಇದರಿಂದ ರೋಗನಿರೋಧಕ ಶಕ್ತಿ ಹೆಚ್ಚುತ್ತದೆ ಎನ್ನಲು ನಂಬಲರ್ಹ ವೈಜ್ಞಾನಿಕ ಆಧಾರವಿಲ್ಲ ಎಂದು ಹೇಳಿತು. ಅಂಗಡಿಯವನೇ ತನ್ನ ಸರಕಿನ ಬಗ್ಗೆ ಹೀಗೆಂದ ಮೇಲೆ ನಾವು ದುಡ್ಡು ಏಕೆ ಸುರಿಯಬೇಕು? ಅಲ್ಲದೆ ಕುತ್ತಿಗೆಯನ್ನು ಜೋರಾಗಿ ತಿರುಗಿಸಿದಾಗ, ಅಪರೂಪಕ್ಕಾದರೂ, ರಕ್ತನಾಳ ಹರಿದು ಪಾರ್ಶ್ವವಾಯು ಬಂದದ್ದುಂಟು. ಮೂಳೆ ಸವೆದ ವೃದ್ಧರಲ್ಲಂತೂ ಇನ್ನಷ್ಟು ಎಚ್ಚರ ಬೇಕು.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ಕೈ. "ದಿನಕ್ಕೆ ಐದು ಸಲ ವುಝೂ ಮಾಡುತ್ತೇವಲ್ಲ" ಎನ್ನುವವರಿದ್ದಾರೆ. ವುಝೂ ಒಳ್ಳೆಯ ಅಭ್ಯಾಸ. ಆದರೆ ಸೀನಿದ ಮೇಲೆ, ಅಡುಗೆಗೆ ಮುನ್ನ, ಮಗುವಿನ ಮೂಗು ಒರೆಸಿದ ಮೇಲೆ 20 ಸೆಕೆಂಡ್ ಸಾಬೂನು ಹಚ್ಚಿ ತೊಳೆಯಬೇಕು. ಜ್ವರ ಬಂದ ಮಗುವನ್ನು ಶಾಲೆಗಾಗಲೀ ಮದ್ರಸಕ್ಕಾಗಲೀ ಕಳುಹಿಸಬೇಡಿ. ಪಾಠ ಆಮೇಲೂ ಕಲಿಯಬಹುದು.

ಎರಡನೆಯದು ಫ್ಲೂ ಲಸಿಕೆ. ವೈರಸ್ ರೂಪ ಬದಲಿಸುವುದರಿಂದ ಇದನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ರಕ್ಷಣೆ ಸಿಗಲು ಸುಮಾರು ಎರಡು ವಾರ ಬೇಕಾದ್ದರಿಂದ ಮಳೆಗೆ ಮುಂಚೆಯೇ ಹಾಕಿಸುವುದು ಲೇಸು. ವೃದ್ಧರು, ಗರ್ಭಿಣಿಯರು, ಉಬ್ಬಸ ಮತ್ತು ಸಕ್ಕರೆ ಕಾಯಿಲೆ ಇರುವವರು ವೈದ್ಯರಲ್ಲಿ ಕೇಳಲೇಬೇಕು. ಲಸಿಕೆ ಹಾಕಿಸಿದರೂ ಫ್ಲೂ ಬರಬಹುದು, ಆದರೆ ಅದರ ಉಗ್ರತೆ ತಗ್ಗುತ್ತದೆ.

ಶುಂಠಿ, ಕಾಳುಮೆಣಸಿನ ಕಷಾಯ ಗಂಟಲಿಗೆ ಹಿತ. ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೊಡಬೇಡಿ. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ಮಾತ್ರೆ ನುಂಗಿಸಬೇಡಿ, ಅದು ವೈರಸ್‌ಗೆ ನಾಟುವುದಿಲ್ಲ. ಏದುಸಿರು, ಎದೆನೋವು, ನೀಲಿಗಟ್ಟಿದ ತುಟಿ, ಮಂಪರು, ಹಾಲು ಕುಡಿಯದ ಮಗು: ಇವು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ಫ್ಲೂಗೆ ಮದ್ದಿದೆ, ಮೊದಲ ಎರಡು ದಿನಗಳಲ್ಲಿ ಆರಂಭಿಸಿದರೆ ಹೆಚ್ಚು ಫಲ. ಕಂಡಕಂಡ ವೀಡಿಯೊ ನಂಬಿ ಕೂತರೆ ಕೈತಪ್ಪುವುದು ಈ ಎರಡು ದಿನಗಳೇ.

ಸಹೋದರಿಯರೇ, ಶಿಫಾ ನೀಡುವವನು ಅಲ್ಲಾಹನು. ಸರಿಯಾದ ದಾರಿಯಲ್ಲಿ ಮದ್ದು ಹುಡುಕುವುದು ನಮ್ಮ ಹೊಣೆ.