ಒಂದೇ ಊರು, ಎರಡು ಮೈದಾನ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗೆ ಕೆಲಸ ಕಡಿಮೆ, ಭುಜಕ್ಕೆ ಹೆಚ್ಚು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಒಬ್ಬ ಓಡುತ್ತಾನೆ, ಹೆಲ್ಮೆಟ್ ತೊಟ್ಟ ಎದುರಾಳಿಗಳು ಅವನನ್ನು ಕೆಡವಲು ನುಗ್ಗುತ್ತಾರೆ. ನಮ್ಮ ಮನೆಯವರು ಮೊದಲ ಸಲ ನೋಡಿದಾಗ 'ಕಬಡ್ಡಿಗೆ ಕವಚ ತೊಡಿಸಿದ ಹಾಗಿದೆ' ಎಂದರು. ಆಟದ ನಿಯಮ ನನಗೆ ಇಂದಿಗೂ ಪೂರ್ತಿ ತಲೆಗೆ ಹತ್ತಿಲ್ಲ. ಆದರೆ ಅದರ ಸುತ್ತ ಅಲ್ಲಿ ನಡೆಯುವ ಒಂದು ವಾದ ಮಾತ್ರ ಚೆನ್ನಾಗಿ ಅರ್ಥವಾಯಿತು. ಮಕ್ಕಳನ್ನು ಕಾಲೇಜಿಗೆ ಕಳಿಸಿದ ಯಾರಿಗಾದರೂ ಅರ್ಥವಾಗುವಂಥ ವಾದ ಅದು: ದೊಡ್ಡ ವಿಶ್ವವಿದ್ಯಾಲಯದ ತಂಡ ತನ್ನದೇ ರಾಜ್ಯದ ಸಣ್ಣ ವಿಶ್ವವಿದ್ಯಾಲಯದ ತಂಡವನ್ನು ಕರೆದು ಆಡಬೇಕೇ, ಬೇಡವೇ?

2022ರಲ್ಲಿ ನಮ್ಮ ಮಗಳು ಲೂಯಿಸಿಯಾನ ರಾಜ್ಯದ ರಾಜಧಾನಿ ಬ್ಯಾಟನ್ ರೂಜ್‌ನಲ್ಲಿ ಓದುತ್ತಿದ್ದಳು. ನಾವಿಬ್ಬರೂ ಆರು ತಿಂಗಳು ಅವಳ ಜೊತೆ ಇದ್ದು ಬಂದೆವು. ಆ ಊರಿನಲ್ಲಿ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳಿವೆ. ದಕ್ಷಿಣದ ಕಡೆ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ. ಎಲ್ಲರೂ ಎಲ್‌ಎಸ್‌ಯು ಎನ್ನುತ್ತಾರೆ. ಉತ್ತರದ ಕಡೆ ಸದರ್ನ್ ಯೂನಿವರ್ಸಿಟಿ. ನಡುವೆ ಹತ್ತು ಹನ್ನೆರಡು ಮೈಲಿ, ಪಕ್ಕದಲ್ಲಿ ಹರಿಯುವುದು ಒಂದೇ ಮಿಸಿಸಿಪ್ಪಿ ನದಿ. ಎಲ್‌ಎಸ್‌ಯುವಿನ ಟೈಗರ್ ಸ್ಟೇಡಿಯಂನಲ್ಲಿ 1,02,321 ಜನ ಕೂರಬಹುದು. ಸದರ್ನ್‌ನ ಮಮ್‌ಫರ್ಡ್ ಸ್ಟೇಡಿಯಂನಲ್ಲಿ ಸುಮಾರು 28 ಸಾವಿರ. ಎರಡೂ ಕಡೆ ನೂರು ವರ್ಷಕ್ಕೂ ಮಿಕ್ಕಿ ಫುಟ್‌ಬಾಲ್ ಆಡುತ್ತಾ ಬಂದಿದ್ದಾರೆ. ಹಾಗಿದ್ದೂ 2022ರ ಸೆಪ್ಟೆಂಬರ್ 10ರವರೆಗೆ ಈ ಎರಡು ತಂಡಗಳು ಒಮ್ಮೆಯೂ ಎದುರಾಗಿರಲಿಲ್ಲ.

ಯಾಕೆ ಎಂದು ನಾನು ಕೇಳಿದ್ದು ಮಗಳ ಎದುರು ಮನೆಯ ಮೇಷ್ಟ್ರನ್ನು. ಸದರ್ನ್‌ನಲ್ಲಿ ಓದಿ, ಊರಿನ ಶಾಲೆಗಳಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಕಪ್ಪುವರ್ಣೀಯ ಹಿರಿಯರು. ಮಾತಿಗೊಮ್ಮೆ ನನ್ನನ್ನು 'ಮ್ಯಾಮ್' ಎನ್ನುತ್ತಿದ್ದರು. ಅವರು ನಕ್ಕು, 'ಮ್ಯಾಮ್, ಸದರ್ನ್ ಹುಟ್ಟಿದ್ದೇ ನಮ್ಮನ್ನು ಅಲ್ಲಿಗೆ ಸೇರಿಸಿಕೊಳ್ಳುತ್ತಿರಲಿಲ್ಲ ಅಂತ' ಎಂದರು.

ಇತಿಹಾಸ ಅವರು ಹೇಳಿದಂತೆಯೇ ಇದೆ. ಎಲ್‌ಎಸ್‌ಯು 1860ರಲ್ಲಿ ಬಿಳಿಯರಿಗಾಗಿ ಶುರುವಾಯಿತು. ಸದರ್ನ್ 1880ರಲ್ಲಿ ಕಪ್ಪು ಜನರಿಗೆಂದು ನ್ಯೂ ಆರ್ಲಿಯನ್ಸ್‌ನಲ್ಲಿ ಸ್ಥಾಪನೆಯಾಗಿ, 1914ರಲ್ಲಿ ಬ್ಯಾಟನ್ ರೂಜ್‌ಗೆ ಬಂತು. 1950ರಲ್ಲಿ ಎಲ್‌ಎಸ್‌ಯುವಿನ ಕಾನೂನು ಕಾಲೇಜಿಗೆ ಒಬ್ಬ ಕಪ್ಪು ವಿದ್ಯಾರ್ಥಿ ಕಾಲಿಡಬೇಕಾದರೆ ನ್ಯಾಯಾಲಯ ಆದೇಶ ಮಾಡಬೇಕಾಯಿತು. ಆಟದ ಮಾತಂತೂ ಇನ್ನೂ ಕಠಿಣ. 1956ರಲ್ಲಿ ಲೂಯಿಸಿಯಾನದ ಶಾಸನಸಭೆ, ಬಿಳಿಯರೂ ಕಪ್ಪು ಜನರೂ ಒಂದೇ ಪಂದ್ಯದಲ್ಲಿ ಆಡಕೂಡದೆಂದು ಕಾನೂನನ್ನೇ ಮಾಡಿತು. ನ್ಯಾಯಾಲಯಗಳು ಮೂರು ವರ್ಷದೊಳಗೆ ಅದನ್ನು ಹೊಡೆದುಹಾಕಿದವು. ಕಾನೂನು ಹೋಯಿತು, ಪಂದ್ಯ ಮಾತ್ರ ಬರಲಿಲ್ಲ. ಆಮೇಲಿನ ಅರವತ್ತು ವರ್ಷ ಅಡ್ಡ ನಿಂತದ್ದು ಬರೀ ಬಣ್ಣವಲ್ಲ, ಲೆಕ್ಕಾಚಾರವೂ ಹೌದು. ಈ ಲೆಕ್ಕಾಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮಲ್ಲಿ ಅಂತರಕಾಲೇಜು ಪಂದ್ಯಗಳಿಗೆ ಚೀಟಿ ಎತ್ತುತ್ತಾರೆ. ನಾನು ತಾಲ್ಲೂಕು ಕಾಲೇಜಿನಲ್ಲಿ ಥ್ರೋಬಾಲ್ ಆಡುತ್ತಿದ್ದಾಗ ಒಂದು ಸಲ ಚೀಟಿಯಲ್ಲಿ ಮೈಸೂರಿನ ದೊಡ್ಡ ಕಾಲೇಜು ಬಂತು. ಅವರ ಬೂಟು ನೋಡಿಯೇ ನಾವು ಅರ್ಧ ಸೋತಿದ್ದೆವು. ಆದರೆ ನಮ್ಮೊಡನೆ ಆಡುವುದಿಲ್ಲ ಎನ್ನುವ ಅಧಿಕಾರ ಅವರಿಗಿರಲಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನಲ್ಲಿ ಆ ಅಧಿಕಾರ ಇದೆ. ಒಂದು ತಂಡಕ್ಕೆ ವರ್ಷಕ್ಕೆ ಹನ್ನೆರಡು ಪಂದ್ಯ. ಎಲ್‌ಎಸ್‌ಯು ಸೇರಿರುವ ಎಸ್‌ಇಸಿ ಎಂಬ ಒಕ್ಕೂಟ 2022ರಲ್ಲಿ ಅದರಲ್ಲಿ ಎಂಟನ್ನು ನಿಗದಿ ಮಾಡುತ್ತಿತ್ತು. ಮಿಕ್ಕ ನಾಲ್ಕು ಅವರವರ ಇಷ್ಟ. ಹೆಣ್ಣು ನೋಡುವ ಹಾಗೆ, ವರ್ಷಗಳ ಮೊದಲೇ ಮಾತುಕತೆ, ಕರಾರುಪತ್ರ, ಕೊಡುವುದು ತೆಗೆದುಕೊಳ್ಳುವುದು ಎಲ್ಲ ನಡೆಯುತ್ತದೆ. ದೊಡ್ಡ ತಂಡ ಸಣ್ಣದನ್ನು ತನ್ನ ಮೈದಾನಕ್ಕೆ ಕರೆಸಿ ಇಂತಿಷ್ಟು ಎಂದು ಹಣ ಕೊಡುತ್ತದೆ. ಟಿಕೆಟಿನ ದುಡ್ಡನ್ನು ತಾನಿಟ್ಟುಕೊಳ್ಳುತ್ತದೆ. ಸಣ್ಣದರ ಊರಿಗೆ ಮರಳಿ ಹೋಗಿ ಆಡುವ ಹಂಗು ಸಾಮಾನ್ಯವಾಗಿ ಇರುವುದಿಲ್ಲ.

ಎರಡೂ ಒಂದೇ ದರ್ಜೆಯವೂ ಅಲ್ಲ. ಆಗಿನ ನಿಯಮದಂತೆ ಮೇಲಿನ ದರ್ಜೆಯ ತಂಡ 85 ಆಟಗಾರರಿಗೆ ಪೂರ್ತಿ ವಿದ್ಯಾರ್ಥಿವೇತನ ಕೊಡಬಹುದಾಗಿತ್ತು. ಸದರ್ನ್ ಇರುವ ಕೆಳಗಿನ ದರ್ಜೆಯಲ್ಲಿ ಅದು 63ಕ್ಕೆ ಸೀಮಿತ. ಇದರ ಮೇಲೆ ವರ್ಷದ ಕೊನೆಯ ಬೌಲ್ ಪಂದ್ಯಗಳಿಗೆ ಅರ್ಹರಾಗಲು ಆರು ಗೆಲುವು ಬೇಕು. ಕೆಳದರ್ಜೆಯ ಮೇಲಿನ ಒಂದು ಗೆಲುವನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುತ್ತಾರೆ. ಹೀಗಾಗಿ ದೊಡ್ಡವರಿಗೆ ವರ್ಷಕ್ಕೊಂದು ಸುಲಭದ ತುತ್ತು ಬೇಕೇ ಬೇಕು. ಆದರೆ ಆ ತುತ್ತು ಪಕ್ಕದ ಮನೆಯದಾಗಿರಬಾರದು! ಯಾಕೆಂದರೆ ದೂರದವರ ಎದುರು ಸೋತರೆ ಒಂದು ವಾರ ನಗುತ್ತಾರೆ, ಪಕ್ಕದವರ ಎದುರು ಸೋತರೆ ಅಂಗಡಿಯಲ್ಲಿ, ಚರ್ಚಿನಲ್ಲಿ, ಮದುವೆಯಲ್ಲಿ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಗೆದ್ದರೆ 'ಅದರಲ್ಲೇನು ಹೆಚ್ಚುಗಾರಿಕೆ' ಎನ್ನುತ್ತಾರೆ. ಜೊತೆಗೆ, ಸಣ್ಣವರನ್ನು ಎದುರಿಗೆ ನಿಲ್ಲಿಸಿದರೆ ಹೈಸ್ಕೂಲು ಹುಡುಗರ ಕಣ್ಣಲ್ಲಿ ಅವರೂ ನಮ್ಮ ಸಮಕ್ಕೆ ಬರುತ್ತಾರೆಂಬ ಅಂಜಿಕೆ.

ಈ ಅಂಜಿಕೆ ಲೂಯಿಸಿಯಾನದ್ದು ಮಾತ್ರವಲ್ಲ. ಅಲಬಾಮ ರಾಜ್ಯದ ಎರಡು ದೊಡ್ಡ ತಂಡಗಳಾದ ಅಲಬಾಮ ಮತ್ತು ಆಬರ್ನ್ 1907ರಲ್ಲಿ ಆಡಿದ ಮೇಲೆ ಮತ್ತೆ ಎದುರಾದದ್ದು 1948ರಲ್ಲಿ, ಅದೂ ಶಾಸಕರ ಒತ್ತಾಯ ಬಿದ್ದ ನಂತರ. ಫ್ಲಾರಿಡಾ ವಿಶ್ವವಿದ್ಯಾಲಯ ಹೊಸದಾಗಿ ತಂಡ ಕಟ್ಟಿದ ಫ್ಲಾರಿಡಾ ಸ್ಟೇಟ್ ಜೊತೆ ಆಡಲು ಒಪ್ಪಿದ್ದು 1958ರಲ್ಲಿ. ಅಲ್ಲೂ ರಾಜಕಾರಣಿಗಳು ತಲೆ ಹಾಕಬೇಕಾಯಿತು. ಹೆದರಿಕೆಗೆ ಆಧಾರವೇ ಇಲ್ಲವೆಂದೂ ಹೇಳಲಾರೆ. 2007ರಲ್ಲಿ ದೇಶದ ಐದನೇ ಸ್ಥಾನದಲ್ಲಿದ್ದ ಮಿಷಿಗನ್, ಉತ್ತರ ಕ್ಯಾರೊಲಿನಾದ ಆಪಲಾಚಿಯನ್ ಸ್ಟೇಟ್ ಎಂಬ ಕೆಳದರ್ಜೆಯ ತಂಡಕ್ಕೆ ನಾಲ್ಕು ಲಕ್ಷ ಡಾಲರ್ ಕೊಟ್ಟು ಕರೆಸಿಕೊಂಡಿತು. ಲಕ್ಷಕ್ಕೂ ಮಿಕ್ಕ ತನ್ನ ಜನರ ಮುಂದೆ 34-32ರಲ್ಲಿ ಸೋತಿತು. ದುಡ್ಡು ಕೊಟ್ಟು ದೆವ್ವ ತಂದುಕೊಂಡ ಹಾಗಾಯಿತು. 2015ರಲ್ಲಿ ಆರನೇ ಸ್ಥಾನದಲ್ಲಿದ್ದ ಆಬರ್ನ್ ತನ್ನದೇ ರಾಜ್ಯದ ಜಾಕ್ಸನ್‌ವಿಲ್ ಸ್ಟೇಟ್ ಎದುರು ಹೆಚ್ಚುವರಿ ವೇಳೆಯಲ್ಲಿ ಹೇಗೋ 27-20ರಿಂದ ಬಚಾವಾಯಿತು.

ಎಲ್‌ಎಸ್‌ಯುವಿಗೆ ಮಾತ್ರ ಹೆದರಲು ಹೆಚ್ಚು ಕಾರಣವಿಲ್ಲ. ಸ್ವಂತ ರಾಜ್ಯದ ತಂಡವೊಂದಕ್ಕೆ ಅದು ಕೊನೆಯ ಸಲ ಸೋತದ್ದು 1982ರಲ್ಲಿ, ನ್ಯೂ ಆರ್ಲಿಯನ್ಸ್‌ನ ಟ್ಯುಲೇನ್‌ಗೆ. ಲೂಯಿಸಿಯಾನ ಟೆಕ್, ಮೆಕ್‌ನೀಸ್, ನಿಕೋಲ್ಸ್ ಇವರನ್ನೆಲ್ಲ ಅದು ಕರೆದು ಆಡುತ್ತದೆ. ಹೇಗೂ ಕೊಡುವ ದುಡ್ಡು ರಾಜ್ಯದೊಳಗೇ ಉಳಿಯಲಿ ಎಂಬ ಮಾತು ಅಲ್ಲಿ ಜನಜನಿತ. ನನ್ನ ಮತವೂ ಅದೇ. ಎರಡೂ ಒಂದೇ ರಾಜ್ಯದ ತೆರಿಗೆಯಿಂದ ನಡೆಯುವ ವಿದ್ಯಾಲಯಗಳು. ದೊಡ್ಡಣ್ಣನ ಜೇಬಿನಿಂದ ಹೊರಬೀಳುವ ಹಣ ತಮ್ಮನ ಮನೆಗೆ ಹೋಗಲಿ. ಆದರೆ ಹಣ ಪಡೆಯುವ ತಮ್ಮ ಅದಕ್ಕೆ ಪ್ರತಿಯಾಗಿ ಕಳಿಸುವುದು ಏನನ್ನು? ಹದಿನೆಂಟು ಇಪ್ಪತ್ತು ವರ್ಷದ ಮಕ್ಕಳನ್ನು. ಇಲ್ಲಿಗೆ ಬಂದಾಗ ನನ್ನ ಮತ ಸ್ವಲ್ಪ ತಡವರಿಸುತ್ತದೆ.

ಪಂದ್ಯಕ್ಕೆ ಒಂದು ವಾರವಿದ್ದಾಗ ಎದುರು ಮನೆಯ ಜಗಲಿಯಲ್ಲಿ ಇದೇ ವಿಷಯಕ್ಕೆ ಗಂಡ ಹೆಂಡಿರ ಜಗಳ. ಮೇಷ್ಟ್ರಿಗೆ ಸಂಭ್ರಮವೋ ಸಂಭ್ರಮ, ಎರಡು ಟಿಕೆಟ್ ಆಗಲೇ ತಂದಿದ್ದರು. ಅವರ ಹೆಂಡತಿ ಬರುವುದಿಲ್ಲ ಎಂದರು. 'ಗೆಲ್ಲುವುದಿಲ್ಲ ಅಂತ ಗೊತ್ತಿರುವ ಪಂದ್ಯಕ್ಕೆ ಮಕ್ಕಳನ್ನು ಕಳಿಸಿ ಚೆಕ್ ತರುವುದು ಯಾವ ಸೀಮೆ ನ್ಯಾಯ? 2015 ಮರೆತು ಹೋಯಿತೇ?' ಎಂದು ಕೇಳಿದರು.

ಆ ವರ್ಷ ಸದರ್ನ್ ತಂಡ ಹೀಗೆಯೇ ಹಣದ ಕರಾರಿನ ಮೇಲೆ ಜಾರ್ಜಿಯಾಕ್ಕೆ ಹೋಗಿತ್ತು. ಪಂದ್ಯ 48-6ರಲ್ಲಿ ಮುಗಿಯಿತು. ಅದು ಯಾರಿಗೂ ನೆನಪಿಲ್ಲ. ನೆನಪಿರುವುದು ಡೆವನ್ ಗೇಲ್ಸ್. ಬ್ಯಾಟನ್ ರೂಜ್‌ನ ಆ ಹುಡುಗ ಚೆಂಡು ಒದ್ದು ಮರುಶುರು ಮಾಡುವ ಹೊತ್ತಿನಲ್ಲಿ ಎದುರಾಳಿಗೆ ಡಿಕ್ಕಿ ಹೊಡೆದು ಬಿದ್ದ. ಕುತ್ತಿಗೆಯ ಮೂಳೆ ಮುರಿದು ನಡೆಯುವ ಶಕ್ತಿ ಕಳೆದುಕೊಂಡ. ಜಾರ್ಜಿಯಾದ ಜನ ಅವನನ್ನು ಕೈಬಿಡಲಿಲ್ಲ, ಹಣ ಕೂಡಿಸಿ ಅವನ ಕುಟುಂಬಕ್ಕೆ ಮನೆಯನ್ನೇ ಕಟ್ಟಿಸಿಕೊಟ್ಟರು. ಇನ್ನೊಂದು ಮಾತನ್ನೂ ಹೇಳಬೇಕು. ಅವನಿಗೆ ಡಿಕ್ಕಿಯಾದದ್ದು ನೂರೈವತ್ತು ಕಿಲೋ ತೂಗುವ ಯಾವನೋ ದೈತ್ಯನಿಗಲ್ಲ, ಚೆಂಡು ಒದೆಯುವ ಆಟಗಾರನಿಗೆ. ಸಮಬಲರ ಪಂದ್ಯದಲ್ಲೂ ಹಾಗೆ ಆಗಬಹುದಿತ್ತು. ಮೇಷ್ಟ್ರು ಇದನ್ನೇ ಹೇಳಿದರು. 'ಆಗಬಹುದಿತ್ತು, ಸರಿ. ಆದರೆ ಆದದ್ದು ದುಡ್ಡಿಗಾಗಿ ಹೋದ ಕಡೆ, ತಾಯಿಯ ಕೈಗೆ ಸಿಗದಷ್ಟು ದೂರದಲ್ಲಿ' ಎಂದರು ಆಕೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದಕ್ಕೇ ಹೇಳುವುದು, ಆಡುವುದಾದರೆ ಇಲ್ಲೇ ಆಡಲಿ ಅಂತ' ಎಂದರು.

ಸ್ವಂತ ರಾಜ್ಯದಲ್ಲಿ ಆಡುವುದರ ಪರವಾಗಿ ನಾನು ಕೇಳಿದ ಅತ್ಯುತ್ತಮ ಮಾತು ಇದು. ಸದರ್ನ್‌ನಂಥ ಸಂಸ್ಥೆಗೆ ಆ ಹಣ ಬೇಕು. ಬಸ್ಸಿನ ಖರ್ಚು, ಪ್ರಯಾಣದ ಊಟ, ಅಷ್ಟಾಗಿ ಜನ ಸೇರದ ಇತರ ಆಟಗಳ ವೆಚ್ಚ ಎಲ್ಲಕ್ಕೂ ಇಂಥ ಪಂದ್ಯಗಳು ಆಸರೆ. ಹೇಗೂ ಎಲ್ಲಿಗಾದರೂ ಹೋಗಿ ಸೋಲಬೇಕು. ಆ ಸೋಲು ಊರಿನಲ್ಲೇ ಆದರೆ ಅಪ್ಪ ಅಮ್ಮ, ಅಜ್ಜಿ ಬಂದು ನೋಡುತ್ತಾರೆ. ಏನಾದರೂ ಆದರೆ ಆಸ್ಪತ್ರೆಗೆ ಮೊದಲು ಓಡುವವರು ಅವರೇ.

ಪಂದ್ಯದ ದಿನ ನಾವೂ ಹೋದೆವು. ಮೇಷ್ಟ್ರ ಹೆಂಡತಿ ಬಿಟ್ಟುಕೊಟ್ಟ ಟಿಕೆಟಿನಲ್ಲಿ ನಾನು. ಮಗಳೂ ಅವರಪ್ಪನೂ ಬೇರೆ ಕಡೆ. ಬೆಳಿಗ್ಗೆಯಿಂದಲೇ ಮೈದಾನದ ಸುತ್ತ ಡೇರೆ, ಒಲೆ, ಹಂಡೆ. ಜಂಬಲಾಯ ಎಂಬ ಅನ್ನದ ಅಡುಗೆ, ನೋಡಲು ನಮ್ಮ ಪಲಾವಿನ ಹಾಗೆಯೇ. (ಮಾಂಸವಿಲ್ಲದ್ದು ಇದೆಯೇ ಎಂದು ಕೇಳಿದ ನನ್ನನ್ನು ಅವರು ನೋಡಿದ ರೀತಿಯನ್ನು ವಿವರಿಸಲಾರೆ.) ಒಂದು ಡೇರೆಯ ಮೇಲೆ ನೇರಳೆ ಬಣ್ಣದ ಬಾವುಟ, ಪಕ್ಕದ್ದರ ಮೇಲೆ ತಿಳಿನೀಲಿ. ಒಂದೇ ಮನೆಯವರು ಎರಡು ಬಣ್ಣದ ಅಂಗಿ ತೊಟ್ಟು ಬಂದಿದ್ದರು. ಆಟವೋ, ಮೊದಲ ಹದಿನೈದು ನಿಮಿಷದಲ್ಲೇ ಮುಗಿದಂತಾಗಿತ್ತು. ಕೊನೆಗೆ 65-17. ಸದರ್ನ್ ಅಂಕ ಗಳಿಸಿದಾಗಲೆಲ್ಲ ಮೇಷ್ಟ್ರು ಎದ್ದು ನಿಂತು ಟೋಪಿ ತೆಗೆಯುತ್ತಿದ್ದರು. ಸದರ್ನ್‌ನ ಬ್ಯಾಂಡು ದೇಶಕ್ಕೇ ಹೆಸರುವಾಸಿ. ಅದು ನುಡಿಸುವಾಗ ನೇರಳೆ ಅಂಗಿಯವರೂ ಜಾಗ ಬಿಟ್ಟು ಕದಲಲಿಲ್ಲ. ಮರುವರ್ಷ ರಾಜ್ಯದ ಇನ್ನೊಂದು ಕಪ್ಪುವರ್ಣೀಯರ ವಿಶ್ವವಿದ್ಯಾಲಯವಾದ ಗ್ರ್ಯಾಂಬ್ಲಿಂಗ್ ಕೂಡ ಮೊದಲ ಸಲ ಅಲ್ಲಿಗೆ ಬಂದು 72-10ರಲ್ಲಿ ಸೋತಿತು ಎಂದು ಆಮೇಲೆ ಮಗಳು ಹೇಳಿದಳು.

ಇಂಥ ಅಂಕಗಳನ್ನು ನೋಡಿ 'ಇದೆಂಥ ಪಂದ್ಯ' ಎನ್ನುವವರಿದ್ದಾರೆ. ಸೀಸನ್ ಟಿಕೆಟಿಗೆ ದುಡ್ಡು ತೆತ್ತವರಿಗೆ ಹಾಗೆನ್ನುವ ಹಕ್ಕೂ ಇದೆ. ಪ್ರತಿ ವರ್ಷ ಅದೇ ಸಣ್ಣ ತಂಡವನ್ನು ಕರೆತಂದು ಚಚ್ಚುವುದು ನನಗೂ ಸರಿಕಾಣದು. ನಾಲ್ಕೈದು ವರ್ಷಕ್ಕೊಮ್ಮೆ, ಸರದಿಯ ಮೇಲೆ, ಮರ್ಯಾದೆಯ ಹಣ ಕೊಟ್ಟು, ಅಂತರ ತೀರಾ ಹೆಚ್ಚಾದಾಗ ತನ್ನ ಮೊದಲ ಸಾಲಿನ ಆಟಗಾರರನ್ನು ಬೇಗ ಕೂರಿಸಿ ಆಡಿದರೆ ಯಾರಿಗೂ ನಷ್ಟವಿಲ್ಲ.

ಆದರೆ ಜಾಗವೇ ಕಿರಿದಾಗುತ್ತಿದೆ. 2026ರಿಂದ ಎಸ್‌ಇಸಿ ಒಕ್ಕೂಟದೊಳಗಿನ ಪಂದ್ಯಗಳನ್ನು ಎಂಟರಿಂದ ಒಂಬತ್ತಕ್ಕೆ ಏರಿಸುವುದಾಗಿ 2025ರ ಆಗಸ್ಟ್‌ನಲ್ಲಿ ತೀರ್ಮಾನವಾಯಿತು. ಉಳಿಯುವುದು ಮೂರು, ಅದರಲ್ಲೂ ಒಂದನ್ನು ಬೇರೆ ದೊಡ್ಡ ಒಕ್ಕೂಟದ ಬಲವಾದ ತಂಡದೊಡನೆ ಆಡಬೇಕು. ಮಿಕ್ಕ ಎರಡು ಜಾಗಕ್ಕೆ ಲೂಯಿಸಿಯಾನ ಒಂದರಲ್ಲೇ ಎಷ್ಟು ಸಣ್ಣ ತಂಡಗಳು ಸಾಲುಗಟ್ಟಿವೆ ಎಂದು ಮೇಷ್ಟ್ರು ಫೋನಿನಲ್ಲಿ ಬೆರಳು ಮಡಿಸಿ ಎಣಿಸಿದರಂತೆ. ಮತ್ತೊಮ್ಮೆ ಸದರ್ನ್ ಸರದಿ ಬರುವಾಗ ತಾನಿರುತ್ತೇನೋ ಇಲ್ಲವೋ ಎಂದು ಮಗಳ ಹತ್ತಿರ ಪೇಚಾಡಿಕೊಂಡರು. ಹಿಂದಿನಿಂದ ಅವರ ಹೆಂಡತಿಯ ದನಿ ಕೇಳಿಸಿತಂತೆ: 'ಮುಂದಿನ ಸಲ ಅವರೇ ನಮ್ಮ ಮೈದಾನಕ್ಕೆ ಬರಲಿ. ಆಗ ನಾನೂ ಬರುತ್ತೇನೆ, ಸೀಟು ಸಿಗದಿದ್ದರೆ ನಿಂತೇ ನೋಡುತ್ತೇನೆ.'