ಓಸಫುನೆಯ ಖಡ್ಗಗಳು

ಜಪಾನಿನ ಒಕಾಯಾಮಾ ಪ್ರಾಂತದಲ್ಲಿರುವ ಓಸಫುನೆಯು, ಹಿಂದಿನ ಬಿಜೆನ್ ಸೀಮೆಯಲ್ಲಿ ಖಡ್ಗ ಮಾಡುವ ಕಮ್ಮಾರರ ಪ್ರಖ್ಯಾತವಾದ ನೆಲೆ. ಅಲ್ಲಿಯ ಖಡ್ಗಸಂಗ್ರಹಾಲಯದಲ್ಲಿ ಕತ್ತಿಗಳನ್ನು ಹಿಡಿ ಕಳಚಿ ಇರಿಸಿದ್ದುದನ್ನು ನಾವು ಕಂಡೆವು. ಕಮ್ಮಾರನು ತನ್ನ ಹೆಸರನ್ನು ಕೊರೆಯುವುದು ಹಿಡಿಯೊಳಗೆ ಮರೆಯಾಗುವ ಬುಡದ ಮೇಲೆ.

ಆದರೆ ಹೆಸರಿದ್ದ ಮಾತ್ರಕ್ಕೆ ನಂಬತಕ್ಕುದಲ್ಲ; ಪ್ರಸಿದ್ಧರ ನಾಮವನ್ನು ಅನ್ಯರು ಕೊರೆದುದು ಬಹಳ. ಬಲ್ಲವರು ಮೊದಲು ಅಲಗಿನ ಬಾಗನ್ನೂ, ಮಡಿಸಿ ಬಡಿದ ಉಕ್ಕಿನ ಮೈಗೆರೆಗಳನ್ನೂ, ಹದ ಹಾಕಿದಾಗ ಬಾಯಿಯುದ್ದಕ್ಕೂ ಮೂಡಿದ ಬಿಳಿಯ ಅಲೆಯನ್ನೂ ನೋಡಿ ದೇಶಕಾಲಗಳನ್ನು ನಿರ್ಣಯಿಸುವರು. ಹೆಸರು ಅದಕ್ಕೆ ಹೊಂದಿದರೆ ಮಾತ್ರ ಪ್ರಮಾಣ. ಬುಡದ ಹಳೆಯ ತುಕ್ಕೂ ಒಂದು ಸಾಕ್ಷಿಯೇ. ಅಕ್ಷರಗಳು ಸ್ಫುಟವಾಗಲೆಂದು ಅದನ್ನು ಉಜ್ಜಿ ತೆಗೆದವನು ಪಿತ್ರಾರ್ಜಿತದ ಬೆಲೆಯನ್ನು ಸ್ವಹಸ್ತದಿಂದಲೇ ಕೆಡಿಸಿದಂತಾಯಿತು.

ಈ ಊರು ಸೇರಿರುವ ಸೆತೊಉಚಿ ನಗರದವರು 2020ರಲ್ಲಿ ಜನರಿಂದ ದ್ರವ್ಯವೆತ್ತಿ, ‘ಸಾಂಚೋಮೋ’ ಎಂಬ ಖಡ್ಗವನ್ನು 50 ಕೋಟಿ ಯೆನ್ ಕೊಟ್ಟು ಕೊಂಡರು. ಅದು ಕಾಮಾಕುರಾ ಕಾಲದ್ದು, ರಾಷ್ಟ್ರನಿಧಿಯೆನಿಸಿದ್ದು. ಅದರ ಬುಡದಲ್ಲಿ ಹೆಸರೇ ಇಲ್ಲ. ಅಲಗಿನ ಲಕ್ಷಣಗಳಿಂದಲೇ ಅದನ್ನು ಬಿಜೆನ್ ಸೀಮೆಯ ಇಚಿಮೊಂಜಿ ಪರಂಪರೆಯದೆಂದು ಗುರುತಿಸಿರುವರು. ಇಂತಹ ಕತ್ತಿ ಯಾರ ಮನೆಯಲ್ಲಾದರೂ ಇದ್ದಲ್ಲಿ, ಬಲ್ಲವರಿಗೆ ತೋರಿಸುವ ಮೊದಲು ಅದರ ಬುಡವನ್ನು ಮುಟ್ಟದಿರುವುದೇ ಲೇಸು.