ಬ್ಲಾಗಿಗೆ ಜಾಮೀನು

ಮದುವೆಯ ಮನೆಯಲ್ಲಿ ಹುಳಿಗೆ ಒಗ್ಗರಣೆ ಹಾಕಿ ಮುಗಿಸಿದ ಅಡಿಗೆಯವನು ಒಲೆಯ ಮುಂದೆ ಸುಮ್ಮನೆ ಕುಳಿತಿರಲಾರ. ಹೆಗಲ ಮೇಲಿನ ವಸ್ತ್ರದಿಂದ ಬೆವರೊರೆಸಿಕೊಳ್ಳುತ್ತ ಬಾಗಿಲ ಮರೆಗೆ ಬಂದು, ಪಂಕ್ತಿಯಲ್ಲಿ ಯಾರು ಎರಡನೆಯ ಸಲ ಹುಳಿ ಬಡಿಸಿಕೊಂಡರೆಂದು ಇಣಿಕಿ ನೋಡುತ್ತಾನೆ. ಬರೆಯುವವರ ಪಾಡೂ ಇದೇ. ಬರೆದದ್ದನ್ನು ನಾಲ್ಕು ಜನ ಓದಬೇಕೆಂಬ ಆಸೆಯನ್ನು ಗೆದ್ದ ಲೇಖಕ ಇನ್ನೂ ಹುಟ್ಟಬೇಕಾಗಿದೆ. ಸಂಪಾದಕರ ಉತ್ತರಕ್ಕಾಗಿ ಅಂಚೆಯವನ ದಾರಿ ಕಾಯುವ ಕಷ್ಟವನ್ನೇನೋ ಬ್ಲಾಗು ತಪ್ಪಿಸಿತು. 1999ರಲ್ಲಿ ಬ್ಲಾಗರ್ ಸೇವೆ ಆರಂಭವಾದ ಮೇಲಂತೂ ಯಾರು ಬೇಕಾದರೂ ಸ್ವಂತ ಪತ್ರಿಕೆಯ ಸಂಪಾದಕರಾಗಬಹುದಾಯಿತು. ಆದರೆ ಮನೆ ಕಟ್ಟಿದ ಮಾತ್ರಕ್ಕೆ ಮನೆಗೆ ದಾರಿಯಾಗುವುದಿಲ್ಲವಷ್ಟೆ!

ಬಸವನಗುಡಿಯ ರಾಯರೊಬ್ಬರಿಗೆ ಈ ಸತ್ಯ ಮನವರಿಕೆಯಾದದ್ದು ನಿವೃತ್ತಿಯ ಎರಡನೆಯ ವರ್ಷದಲ್ಲಿ. ಬ್ಯಾಂಕಿನ ಲೆಕ್ಕಪತ್ರಗಳಿಂದ ಬಿಡುಗಡೆ ಹೊಂದಿದ ಅವರು ತಾರಸಿಯ ಮೇಲೊಂದು ತೋಟ ಮಾಡಿ, ಆ ಅನುಭವವನ್ನು ಬ್ಲಾಗಿನಲ್ಲಿ ಬರೆಯತೊಡಗಿದ್ದರು. ತೊಂಡೆಯ ಬಳ್ಳಿಗೆ ಚಪ್ಪರ, ಅಡಿಗೆಮನೆಯ ಕಸದಿಂದ ಗೊಬ್ಬರ, ಕರಿಬೇವಿನ ಗಿಡವನ್ನು ಬೆಳಗಾಗುವಷ್ಟರಲ್ಲಿ ಬೋಳಿಸಿಬಿಡುವ ಹಸುರು ಹುಳು, ಹೀಗೆ ನಲವತ್ತು ಲೇಖನಗಳಾದವು. ಓದಿದವರ ಲೆಕ್ಕ ಮಾತ್ರ ದಿನಕ್ಕೆ ಮೂರನ್ನು ಮೀರಲಿಲ್ಲ. ಒಬ್ಬರು ಸ್ವತಃ ರಾಯರು. ಇನ್ನೊಬ್ಬರು ಪುಣೆಯಲ್ಲಿದ್ದ ಅಳಿಯಂದಿರು. ಮೂರನೆಯವರು ಯಾರಿರಬಹುದೆಂಬ ಸವಿಯಾದ ಕುತೂಹಲದಲ್ಲಿ ರಾಯರು ಒಂದು ವಾರ ಕಳೆದರು. ಕಡೆಗೆ, ಅದು ತಮ್ಮದೇ ಫೋನೆಂದು ತಿಳಿಯಿತು.

ಇದನ್ನು ಕೇಳಿ ನಗುವವರು ನಗಬಹುದು. ಆದರೆ ಮೂವತ್ತೈದು ವರ್ಷಗಳ ಕಾಲ ಒಂದು ರುಜುವಿಗಾಗಿ ಜನ ಯಾರ ಮೇಜಿನ ಮುಂದೆ ಕಾದು ನಿಂತಿದ್ದರೋ, ಅಂಥವರ ಮಾತನ್ನು ಕೇಳಲು ಈಗ ಕರಿಬೇವಿನ ಗಿಡವನ್ನು ಬಿಟ್ಟರೆ ಬೇರೆ ಯಾರಿಗೂ ಪುರಸತ್ತಿರಲಿಲ್ಲ. ಬ್ಲಾಗಿನ ಅಂಕಿಯಲ್ಲಿ ರಾಯರು ನೋಡುತ್ತಿದ್ದುದು ತಮ್ಮ ಮಾತಿಗೆ ಇನ್ನೂ ಬೆಲೆಯುಂಟೆ ಎಂಬುದನ್ನು.

ನೆರವಿಗೆ ಬಂದವನು ತಮ್ಮನ ಮಗ. "ದೊಡ್ಡಪ್ಪ, ನಿಮ್ಮ ಬರವಣಿಗೆಗೆ ಏನೂ ಕೊರತೆಯಿಲ್ಲ. ಬ್ಯಾಕ್‌ಲಿಂಕ್ ಇಲ್ಲ, ಅಷ್ಟೆ" ಎಂದು ರೋಗವನ್ನು ಗುರುತಿಸಿದ. ಒಬ್ಬರ ಪುಟದಿಂದ ಇನ್ನೊಬ್ಬರ ಪುಟಕ್ಕೆ ಕರೆದೊಯ್ಯುವ ಕೊಂಡಿಯೇ ಲಿಂಕು. ಪರರ ಪುಟದಿಂದ ನಮ್ಮ ಪುಟಕ್ಕೆ ಬಂದದ್ದು ಬ್ಯಾಕ್‌ಲಿಂಕು. ಇದಕ್ಕೆ ಇಷ್ಟೊಂದು ಮಹತ್ವ ಬಂದದ್ದರ ಹಿಂದೆ ಸ್ವಾರಸ್ಯವಾದ ಚರಿತ್ರೆಯಿದೆ. ಯಾವ ವಿಜ್ಞಾನ ಲೇಖನವನ್ನು ಉಳಿದ ಯಾರು ಯಾರು ಉಲ್ಲೇಖಿಸಿದ್ದಾರೆಂಬ ಸೂಚಿಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದರು. ಪರರ ಉಲ್ಲೇಖವನ್ನು ತೂಕವಾಗಿ ಎಣಿಸುವ ಇಂಥ ವಿಚಾರವನ್ನೇ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಜಾಲದ ಪುಟಗಳಿಗೆ ಅನ್ವಯಿಸಿ, 1998ರಲ್ಲಿ ಗೂಗಲ್ ಸಂಸ್ಥೆಯನ್ನು ಸ್ಥಾಪಿಸಿದರು. ಒಂದು ಪುಟದತ್ತ ಎಷ್ಟು ಪುಟಗಳು ಬೆರಳು ಮಾಡುತ್ತವೆ, ಬೆರಳು ಮಾಡಿದ ಪುಟಗಳ ಯೋಗ್ಯತೆಯೇನು ಎಂಬುದರ ಮೇಲೆ ಆ ಪುಟದ ತೂಕ ನಿರ್ಣಯವಾಗುತ್ತಿತ್ತು. ಅನಂತರ ಗೂಗಲ್ ಬೇರೆ ಅನೇಕ ಲಕ್ಷಣಗಳನ್ನೂ ಪರಿಗಣಿಸತೊಡಗಿತಾದರೂ ಕೊಂಡಿಯ ಮಾನ್ಯತೆ ಅಳಿದಿಲ್ಲ.

ರಾಯರಿಗೆ ಇದು ಥಟ್ಟನೆ ಅರ್ಥವಾಯಿತು. "ಅಂದರೆ, ಜಾಮೀನು ಅನ್ನು!" ಎಂದರು.

ಮೊದಲು ಹಂಚಿಕೆಯ ತಾಣಗಳ ಪ್ರಯೋಗ ನಡೆಯಿತು. ತಮಗೆ ಮೆಚ್ಚಿಗೆಯಾದ ಪುಟದ ವಿಳಾಸವನ್ನು ಜನ ಒಂದೆಡೆ ತಂದು ಇಡುವ, ಮೆಚ್ಚಿದ ಇತರರು ಅದನ್ನು ಮೇಲೆತ್ತುವ ಪದ್ಧತಿ 2003ರ ಡೆಲಿಷಸ್, 2004ರ ಡಿಗ್, 2005ರ ರೆಡ್ಡಿಟ್ ತಾಣಗಳಿಂದ ಪ್ರಸಿದ್ಧಿಗೆ ಬಂತು. ಡೆಲಿಷಸ್ ಈಗ ನಿಂತುಹೋಗಿದೆ. ರೆಡ್ಡಿಟ್ ಬೆಳೆದು ನಿಂತಿದೆ. ಇವೆಲ್ಲ ಊರ ನಡುವಿನ ಅರಳಿಕಟ್ಟೆಗಳೆಂಬುದನ್ನು ಹುಡುಗ ಮರೆತ. ದೊಡ್ಡಪ್ಪನವರ ಲೇಖನಗಳ ವಿಳಾಸವನ್ನು ಒಂದೇ ಸಂಜೆ ಹತ್ತಾರು ಗುಂಪುಗಳಲ್ಲಿ ಬಿತ್ತಿದ. ಕಟ್ಟೆಗೆ ಬಂದು, ಯಾರ ಕ್ಷೇಮವನ್ನೂ ವಿಚಾರಿಸದೆ, ಗಂಟು ಬಿಚ್ಚಿ ವ್ಯಾಪಾರಕ್ಕೆ ಕುಳಿತವನಿಗೆ ಯಾವ ಊರಿನಲ್ಲಿ ಮರ್ಯಾದೆ ಸಿಕ್ಕೀತು? ಎರಡು ಗುಂಪುಗಳವರು ಲೇಖನಗಳನ್ನು ಅಳಿಸಿದರು. ಮೂರನೆಯ ಗುಂಪಿನವರು ರಾಯರನ್ನೇ ಹೊರಗೆ ಹಾಕಿದರು.

ಆಗ ಎದುರಾಯಿತು ನಿಜವಾದ ಪ್ರಲೋಭನೆ. ಐದು ಸಾವಿರ ರೂಪಾಯಿಗೆ ಒಂದು ಸಾವಿರ ಬ್ಯಾಕ್‌ಲಿಂಕುಗಳನ್ನು ಒದಗಿಸುವುದಾಗಿ ಒಂದು ಪತ್ರ ಬಂತು. ಪಿಂಚಣಿಯ ಹಣದಲ್ಲಿ ಐದು ಸಾವಿರ ಹೊಂದಿಸುವುದು ಅಸಾಧ್ಯವೇನಾಗಿರಲಿಲ್ಲ. ರಾಯರು ಎರಡು ರಾತ್ರಿ ಹೊರಳಾಡಿದರು. ಮೂರನೆಯ ದಿನ ಕಾಫಿಯ ಲೋಟ ಕೈಗಿಡುತ್ತ ಅವರ ಪತ್ನಿ, "ಅಲ್ಲಾಂದ್ರೆ, ದುಡ್ಡು ಇಸಕೊಂಡು ಕಂಡಕಂಡವರಿಗೆಲ್ಲ ಜಾಮೀನು ನಿಲ್ಲೋನು ಬಂದಿದ್ರೆ, ಬ್ಯಾಂಕಿನಲ್ಲಿ ನೀವು ಸಾಲ ಕೊಡ್ತಿದ್ರಾ?" ಎಂದು ಕೇಳಿದರು. ರಾಯರು ಉತ್ತರ ಕೊಡಲಿಲ್ಲ. ಪತ್ರಕ್ಕೂ ಉತ್ತರ ಹೋಗಲಿಲ್ಲ.

ಆ ಗೃಹಿಣಿಯ ಪ್ರಶ್ನೆ ಶೋಧಯಂತ್ರದವರಿಗೂ ಹೊಳೆದದ್ದೇ. ಕಂಡಕಂಡ ಲೇಖನಗಳ ಕೆಳಗೆ "ಬಹಳ ಚೆನ್ನಾಗಿದೆ, ನಮ್ಮಲ್ಲಿಗೂ ಬನ್ನಿ" ಎಂದು ವಿಳಾಸ ಅಂಟಿಸುವವರ ಹಾವಳಿ ಮಿತಿಮೀರಿದಾಗ, 2005ರಲ್ಲಿ ನೋಫಾಲೋ ಎಂಬ ಗುರುತು ಬಳಕೆಗೆ ಬಂತು. ಆ ಗುರುತುಳ್ಳ ಕೊಂಡಿಯನ್ನು ಜಾಮೀನೆಂದು ಎಣಿಸಬೇಕಾಗಿಲ್ಲವೆಂಬುದು ಅದರ ಉದ್ದೇಶ. ಅಮೆರಿಕದ ಜೆ. ಸಿ. ಪೆನ್ನಿ ಎಂಬ ದೊಡ್ಡ ಮಳಿಗೆಯ ಪ್ರಸಂಗವನ್ನು 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆ ತಂದಿತು. ಉಡುಪೆಂದು ಹುಡುಕಲಿ, ನೆಲಹಾಸೆಂದು ಹುಡುಕಲಿ, ತಿಂಗಳುಗಟ್ಟಲೆ ಆ ಮಳಿಗೆಯೇ ಮುಂಚೂಣಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಉಡುಪಿಗೂ ನೆಲಹಾಸಿಗೂ ಸಂಬಂಧವೇ ಇಲ್ಲದ ಅಸಂಖ್ಯ ಪುಟಗಳಿಂದ ಅದರತ್ತ ಕೊಂಡಿಗಳಿದ್ದವು. ಅದು ತನ್ನ ಅನುಮತಿಯಿಂದ ನಡೆದದ್ದಲ್ಲವೆಂದು ಹೇಳಿ ಮಳಿಗೆ ತನ್ನ ಸಲಹೆಗಾರರನ್ನು ಬಿಡಿಸಿತು. ಗೂಗಲ್ ಕ್ರಮ ಕೈಗೊಂಡಾಗ, ನಡುಮನೆಯ ಪೀಠೋಪಕರಣಗಳ ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಅದರ ಹೆಸರು ಎರಡು ಗಂಟೆಗಳೊಳಗೆ 68ನೆಯದಾಗಿತ್ತು! ಮರುವರ್ಷ, 2012ರ ಏಪ್ರಿಲ್‌ನಲ್ಲಿ, ಪೆಂಗ್ವಿನ್ ಎಂಬ ಹೆಸರಿನ ಮಾರ್ಪಾಡಿನಿಂದ ಕೃತಕ ಕೊಂಡಿಗಳ ಬಲದಲ್ಲಿ ಮೇಲೇರಿದ್ದ ಇನ್ನೆಷ್ಟೋ ತಾಣಗಳು ಕೆಳಗಿಳಿದವು.

ಹಾಗಾದರೆ ತನ್ನ ಬರವಣಿಗೆಯ ವಿಷಯ ತಾನೇ ಹೇಳಿಕೊಳ್ಳುವುದು ತಪ್ಪೇ? ಕನ್ನಡದ ಓದುಗರು ಹಾಗೆನ್ನಲಾರರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಕನ್ನಡದಲ್ಲಿ ಓದುವ ರುಚಿ ಹತ್ತಿಸಿದವರಲ್ಲಿ ಅವರ ಹೆಸರು ಇಂದಿಗೂ ಮೊದಲ ಸಾಲಿನಲ್ಲಿದೆ. ಆ ಗಂಟನ್ನು ಹೊತ್ತದ್ದು ಅವರ ಹೆಗಲು. ಪುಸ್ತಕ ಚೆನ್ನಾಗಿದೆಯೆಂದು ಪಕ್ಕದ ಮನೆಗೆ ಹೇಳಿದ್ದು ಓದಿದವರ ಬಾಯಿ. ಲೇಖಕನು ಗಂಟು ಹೊರಬಹುದು, ಹೊರಲೇಬೇಕು. ಪಕ್ಕದ ಮನೆಯವರ ಬಾಯಿಯನ್ನು ಬಾಡಿಗೆಗೆ ಹಿಡಿಯುವುದು ಮಾತ್ರ ಸಲ್ಲದು.

ರಾಯರು ಗಂಟನ್ನು ಹೊಸದಾಗಿ ಕಟ್ಟಿದರು. ಮೊದಲ ಲೇಖನಗಳನ್ನು ಅವರು ಬೆರಳಚ್ಚು ಮಾಡಿ ಚಿತ್ರವಾಗಿ ಅಂಟಿಸಿದ್ದರು. ಚಿತ್ರದೊಳಗೆ ಅಡಗಿದ ಅಕ್ಷರ ಹುಡುಕುವವರಿಗೆ ಸುಲಭವಾಗಿ ಸಿಗಲಾರದು. ಅವನ್ನೆಲ್ಲ ಯೂನಿಕೋಡ್ ಕನ್ನಡದಲ್ಲಿ ಮತ್ತೆ ಬರೆದರು. "ಪ್ರಕೃತಿಯ ನಿಗೂಢ ಲೀಲೆ" ಎಂಬ ಶೀರ್ಷಿಕೆ "ಕರಿಬೇವಿನ ಎಲೆ ತಿನ್ನುವ ಹಸುರು ಹುಳು" ಎಂದಾಯಿತು. ಹುಳು ಕಂಡು ಗಾಬರಿಯಾದ ಗೃಹಿಣಿ ನಿಗೂಢ ಲೀಲೆಯೆಂದು ಹುಡುಕುವಳೇ? ಗುಂಪುಗಳಲ್ಲಿ ವಿಳಾಸ ಬಿತ್ತುವುದನ್ನು ಬಿಟ್ಟು, ಇತರರ ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರ ಹೇಳತೊಡಗಿದರು. ಪರರ ಒಳ್ಳೆಯ ಲೇಖನ ಕಂಡರೆ ತಮ್ಮ ಪುಟದಿಂದ ಅದಕ್ಕೆ ಕೊಂಡಿ ಕೊಟ್ಟರು.

ಹಾಗೆ ಕೊಂಡಿ ಪಡೆದವರಲ್ಲಿ ಚಿಟ್ಟೆಗಳ ಬಗ್ಗೆ ಬರೆಯುವ ಒಬ್ಬ ಉಪಾಧ್ಯಾಯಿನಿಯೂ ಇದ್ದರು. ಅವರಿಂದ ಮೊದಲು ಬಂದದ್ದು ಹೊಗಳಿಕೆಯಲ್ಲ, ತಿದ್ದುಪಡಿ. ರಾಯರು ಹಾಳು ಹುಳುವೆಂದು ಬೈದಿದ್ದ ಪ್ರಾಣಿ ನಿಂಬೆಯ ಮತ್ತು ಕರಿಬೇವಿನ ಗಿಡಗಳ ಮೇಲೆ ಮೊಟ್ಟೆಯಿಡುವ ಚಿಟ್ಟೆಯ ಮರಿ. ಎಳವೆಯಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣಿಸಿ ಶತ್ರುಗಳ ಕಣ್ಣು ತಪ್ಪಿಸುತ್ತದೆ. ದೊಡ್ಡ ಗಿಡ ಒಂದಿಷ್ಟು ಎಲೆ ಕಳೆದುಕೊಂಡರೂ ಮತ್ತೆ ಚಿಗುರುತ್ತದೆ ಎಂದು ಅವರು ಬರೆದಿದ್ದರು. ರಾಯರು ಲೇಖನವನ್ನು ತಿದ್ದಿ, ತಿದ್ದಿದವರನ್ನೂ ಸ್ಮರಿಸಿದರು. ಒಂದು ತಿಂಗಳಾದ ಮೇಲೆ ಆ ಉಪಾಧ್ಯಾಯಿನಿ ತಮ್ಮ ಪುಟದಲ್ಲಿ, ಕರಿಬೇವು ಬೆಳೆಸುವವರು ಇದನ್ನು ಓದಬಹುದೆಂದು ಒಂದು ಸಾಲು ಬರೆದು ಕೊಂಡಿ ಕೊಟ್ಟರು.

ಆ ದಿನ ರಾಯರ ಬ್ಲಾಗಿಗೆ ಹತ್ತೊಂಬತ್ತು ಮಂದಿ ಬಂದರು. ಸಾವಿರದ ಲೆಕ್ಕ ಹೇಳುವವರಿಗೆ ಇದೊಂದು ಸಂಖ್ಯೆಯೇ ಅಲ್ಲ. ರಾಯರು ಮಾತ್ರ ಬ್ಯಾಂಕಿನ ಹಳೆಯ ಅಭ್ಯಾಸದಂತೆ ಅದನ್ನು ಎರಡು ಸಲ ಕೂಡಿ ನೋಡಿ, ತಮ್ಮ ಎರಡನ್ನೂ ಅಳಿಯಂದಿರ ಒಂದನ್ನೂ ಕಳೆದು, ಹದಿನಾರು ಎಂದು ದಿನಚರಿಯಲ್ಲಿ ಬರೆದಿಟ್ಟರು.